ಬಪ್ಪವರ ಬದಿ

"ಮಿಸ್ಸಿಂಗಿಂದ ಬಪ್ಪುಕೆ ರೈಲ್ ಇತ್ತಾ, ಹಡ್ಗೇ ಆಯ್ಕಾ ಅಂದೇಳಿ ಇವತ್ತಾರೂ ರಾಯ್ರ್ ಹತ್ರ ಸಮಾ ಕೇಂಡ್ಕಂಡ್ ಬಾ ಹೆಣೆ. ಹೋದ್ ಸಲವೂ ಮರ್ತೆ ಅಂದೆ."

ತಲ್ಲೂರಿನ ಕಡವಿನಲ್ಲಿ, ಮುರಕಲ್ಲಿನ ಮೆಟ್ಟಿಲ ಮೇಲೆ ನಿಂತು ಅಮ್ಮಣಿ ಇಷ್ಟು ಹೇಳುವಾಗ ಸೊಸೆ ಪದ್ದು ಆಗಲೇ ದೋಣಿ ಹತ್ತಿ ಕುಳಿತಿದ್ದಳು. ತೊಡೆಯ ಮೇಲೆ ತೆಂಗಿನ ನಾರಿನ ಕಟ್ಟು, ಸೊಂಟದಲ್ಲಿ ಎಲೆಯಡಿಕೆಯ ಸಣ್ಣ ಗಂಟು. ಹೊಳೆ ದಾಟಿ ಕುಂದಾಪುರಕ್ಕೆ ಹೋಗುವ ದಿನ ಅತ್ತೆ ಕಡವಿನವರೆಗೂ ಬಂದು ಬೀಳ್ಕೊಡಲೇಬೇಕು. ಬೀಳ್ಕೊಡುವುದೆಂದರೆ ಮನೆಯಲ್ಲಿ ನೆನಪಾಗದ್ದನ್ನೆಲ್ಲ ನೀರಿನ ಅಂಚಿನಲ್ಲಿ ನೆನಪು ಮಾಡಿಕೊಳ್ಳುವುದು.

"ಕೇಂತೆ ಅತ್ತೆ. ನೀವ್ ಮನೀಗ್ ಹೋಯ್ನಿ, ಬಿಸಿಲ್ ಏರ್ತ್."

ಕಡವಿನ ದೋಣಿ ನಡೆಸುವ ಕುಷ್ಟ ಗಳವನ್ನು ಕೈಗೆ ತೆಗೆದುಕೊಂಡ. ಆದರೆ ದೋಣಿ ಬಿಡಲಿಲ್ಲ. ಬಿಡುವ ಮೊದಲು ದಡದತ್ತ ತಿರುಗಿ, ಇನ್ನೂ ಬರುವವರಿದ್ದಾರೆಯೇ ಎಂದು ಒಂದು ಕೂಗು ಹಾಕುವುದು ಅವನ ಕ್ರಮ. ದಡದಲ್ಲಿ ಜನ ಇರಲಿ, ಕಾಗೆ ಮಾತ್ರ ಇರಲಿ, ಕೂಗು ಕೂಗೇ. ಕೂಗದೆ ಬಿಟ್ಟ ದೋಣಿಗೆ ನಡುಹೊಳೆಯಲ್ಲಿ ಬೆನ್ನ ಹಿಂದಿನಿಂದ ಕೂಗು ಬರುತ್ತದೆ, ಆಮೇಲೆ ತಿರುಗಿ ಬರುವ ಕಷ್ಟ ಯಾರಿಗೆ ಬೇಕು ಎನ್ನುವುದು ಅವನ ತಂದೆ ಹೇಳಿಕೊಟ್ಟ ಜಾಣತನ.

"ಹ್ವಾಯ್, ಬಪ್ಪವ್ರ್ ಇದ್ರಾ?"

ದಡದಲ್ಲಿ ಅಮ್ಮಣಿಯ ಹೊರತು ಒಂದು ಹುಳುವೂ ಇರಲಿಲ್ಲ. ಕುಷ್ಟ ಪದ್ದುವಿನ ಮುಖ ನೋಡಿದ. ದಡಕ್ಕೆ ಮುಖ ಮಾಡಿ ಕುಳಿತವರು ಉತ್ತರ ಹೇಳುವುದು ಆ ದೋಣಿಯ ಇನ್ನೊಂದು ಕ್ರಮ.

"ಯಾರೂ ಇಲ್ಲೆ ಕುಷ್ಟಣ್ಣ, ಬಿಡಿ," ಎಂದಳು ಪದ್ದು, ಪ್ರತಿ ಸಲ ಹೇಳುವ ಹಾಗೆ.

ಮಿಸ್ಸಿಂಗು ಎಂಬ ಊರು ಅವರ ಮನೆಗೆ ಬಂದದ್ದು ಅಂಚೆಯವನ ಬಾಯಿಂದ. ಅಮ್ಮಣಿಯ ಮಗ, ಪದ್ದುವಿನ ಗಂಡ ಸೂರ, ಬೊಂಬಾಯಿಯ ಹೋಟೆಲೊಂದರಲ್ಲಿ ದೋಸೆಯ ಕಾವಲಿಯ ಮುಂದೆ ನಿಂತಿದ್ದವನು, ಯುದ್ಧ ಶುರುವಾದ ಮೇಲೆ ದಂಡಿನ ಅಡುಗೆಯವನಾಗಿ ಸೇರಿಕೊಂಡ. ಹೊರಡುವ ಮೊದಲು ಊರಿಗೆ ಬಂದು, ಅಳುತ್ತಿದ್ದ ತಾಯಿಯನ್ನು ಕೂರಿಸಿಕೊಂಡು, ನಂದು ಗುಂಡು ಹೊಡೆಯುವ ಕೆಲಸ ಅಲ್ಲ, ದ್ವಾಸಿ ಹೊಯ್ಯುವ ಕೆಲಸ, ದ್ವಾಸಿ ಹೊಯ್ಯುವವನನ್ನು ಯಾವ ಜಪಾನಿಯೂ ಕೊಲ್ಲುವುದಿಲ್ಲ ಎಂದು ನಗಿಸಿ ಹೋಗಿದ್ದ. ಹಡಗಿನಿಂದ ಒಂದು ಕಾಗದ ಬಂತು, ಮಲಯಾದಿಂದ ಒಂದು. ಸಿಂಗಾಪುರ ಬಿದ್ದಿತು ಎಂದು ಜನ ಪೇಟೆಯಲ್ಲಿ ಮಾತಾಡಿಕೊಂಡ ಮೇಲೆ ಏನೂ ಬರಲಿಲ್ಲ. ಬಹಳ ತಿಂಗಳಾದ ಮೇಲೆ ಸರ್ಕಾರದಿಂದ ಇಂಗ್ಲಿಷಿನ ಕಾಗದ ಬಂತು. ಅಂಚೆಯವನು ಅಂಗಳದಲ್ಲೇ ನಿಂತು ಅದನ್ನು ಒಡೆದು, ತನಗೆ ಬರುವಷ್ಟು ಓದಿದ. ಹೆಸರು ಓದಿದ, ನಂಬರು ಓದಿದ, ಆಮೇಲೆ "ಮಿಸ್ಸಿಂಗ್" ಎಂದು ಓದಿ ನಿಲ್ಲಿಸಿದ.

"ಮಿಸ್ಸಿಂಗಾ? ಅದೆಲ್ಲಾಯ್ತ್?" ಎಂದು ಅಮ್ಮಣಿ ಕೇಳಿದಳು.

ಅಂಚೆಯವನಿಗೆ ಅರ್ಥ ಗೊತ್ತಿತ್ತು. ಮುದುಕಿಯ ಮುಖವನ್ನು ನೋಡಲಿಕ್ಕಾಗದೆ ಅಂಗಳದ ತುಳಸಿಯನ್ನು ನೋಡುತ್ತ, "ದೂರ, ಅಮ್ಮ," ಎಂದು ಹೇಳಿ ಹೋಗಿಬಿಟ್ಟ.

ಅಷ್ಟೇ ಸಾಕಾಯಿತು. ಬೊಂಬಾಯಿ, ಸಿಂಗಾಪುರ, ರಂಗೂನು ಇದ್ದ ಹಾಗೆ ಮಿಸ್ಸಿಂಗೂ ಒಂದು. ಮೊದಲಿನ ಒಂದು ಮಳೆಗಾಲ ಪದ್ದು ಕೂಡ ಹಾಗೆಯೇ ತಿಳಿದಿದ್ದಳು. ಆಮೇಲೆ ಕುಂದಾಪುರದ ಸಂಘಕ್ಕೆ ಹೋಗತೊಡಗಿದಾಗ ವಕೀಲ ರತ್ನಾಕರ ರಾಯರು ಆ ಶಬ್ದವನ್ನು ಬಿಡಿಸಿ ಹೇಳಿದರು. ಸತ್ತಿದ್ದಾನೆ ಎಂದಲ್ಲ, ಇದ್ದಾನೆ ಎಂದೂ ಅಲ್ಲ, ಕಾಣುತ್ತಿಲ್ಲ ಎಂದಷ್ಟೇ. ಅದನ್ನು ಬಾಯಲ್ಲಿಟ್ಟುಕೊಂಡೇ ಅವಳು ಅಂದು ಹೊಳೆ ದಾಟಿದಳು. ಮನೆಯಲ್ಲಿ ಅತ್ತೆ ಕುಚ್ಚಲಕ್ಕಿ ಗೇರುತ್ತ ಕುಳಿತಿದ್ದವಳು ತಲೆಯೆತ್ತದೆ, ಮಿಸ್ಸಿಂಗಿನಲ್ಲಿ ಊಟಕ್ಕೆ ಯಾವ ಅಕ್ಕಿಯಂತೆ ಎಂದು ಕೇಳಿದಳು. ಪದ್ದು ಸೆರಗಿನಿಂದ ಮುಖದ ಬೆವರು ಒರೆಸಿಕೊಂಡಳು. ಆಮೇಲೆ, "ಬೆಳ್ತಿಗಿ ಅಕ್ಕಿ ಅಂಬ್ರ್," ಎಂದಳು.

"ಪಾಪ, ಅದ್ ಅವ್ನ್ ಹೊಟ್ಟಿಗ್ ಆತ್ತಿಲ್ಲೆ," ಎಂದು ಮಗನನ್ನು ಕುಚ್ಚಲಕ್ಕಿಯಲ್ಲೇ ಬೆಳೆಸಿದ ಅಮ್ಮಣಿ ಮೊರವನ್ನು ಕೆಳಗಿಟ್ಟಳು.

ಅಂದಿನಿಂದ ಆ ಊರು ಬೆಳೆಯುತ್ತ ಹೋಯಿತು. ಅಲ್ಲೊಂದು ಹೊಳೆ ಆಯಿತು, ಹೊಳೆಯಿದ್ದ ಮೇಲೆ ಮೀನಾಯಿತು. ಚಳಿ ಹೆಚ್ಚಂತೆ, ಆದರೆ ಕಂಬಳಿ ಕೊಡುತ್ತಾರಂತೆ. ಅತ್ತೆ ಕೇಳುವಳು, ಸೊಸೆ ಕಟ್ಟುವಳು. ಕೆಲವು ರಾತ್ರಿ ಪದ್ದುವಿಗೇ ಆ ಊರಿನ ಬೀದಿ ಕಣ್ಣಿಗೆ ಕಟ್ಟುತ್ತಿತ್ತು. ಹಾಗೆ ಕಟ್ಟಿದ್ದು ಅತ್ತೆಗಾಗಿಯೋ ತನಗಾಗಿಯೋ ಎಂದು ಅವಳು ಕೇಳಿಕೊಳ್ಳಲು ಹೋಗಲಿಲ್ಲ.

ಯುದ್ಧ ಮುಗಿಯಿತು. ಹೋದ ಬೇಸಿಗೆಯಲ್ಲಿ ಕೋಟದ ಚಂದ್ರ ಬಂದ. ಸೂರ ಹೋದ ಹಡಗಿನಲ್ಲೇ ಹೋದವನು, ಜಪಾನಿಯರ ಸೆರೆಯಲ್ಲಿ ಮೂಳೆ ಚಕ್ಕಳವಾಗಿ ಒಂದು ಕಾಲೆಳೆಯುತ್ತ ಬಂದವನು. ಸೂರನ ಮನೆ ನೋಡಬೇಕೆಂದು ತಾನಾಗಿಯೇ ಹೊಳೆ ದಾಟಿ ಬಂದಿದ್ದ. ಸೂರನನ್ನು ಬೇರೆ ಗುಂಪಿನ ಜೊತೆ ಎಲ್ಲಿಗೋ ಕರೆದುಕೊಂಡು ಹೋದರು, ಆಮೇಲೆ ತಾನು ನೋಡಿಲ್ಲ ಎಂದು ಪದ್ದುವಿಗೆ ಬಾವಿಕಟ್ಟೆಯ ಹತ್ತಿರ ಮೆಲ್ಲಗೆ ಹೇಳಿ ಮುಗಿಸುವಷ್ಟರಲ್ಲಿ ಅಮ್ಮಣಿ ಬೆಲ್ಲ ನೀರು ಹಿಡಿದುಕೊಂಡು ಬಂದಳು. ನೀನು ಅಷ್ಟು ದೇಶ ತಿರುಗಿದವನು, ಮಿಸ್ಸಿಂಗನ್ನು ಕಂಡಿದ್ದೀಯಾ ಎಂದು ಕೇಳಿದಳು. ಚಂದ್ರ ಮುದುಕಿಯ ಹೆಗಲಿನಾಚೆ ಪದ್ದುವನ್ನು ನೋಡಿದ. ಪದ್ದು ತಲೆ ತಗ್ಗಿಸಿದಳು.

"ಕಂಡಿದ್ದೆ, ಅಬ್ಬೆ," ಎಂದ ಚಂದ್ರ. "ದೊಡ್ಡ ಊರ್. ನಮ್ಮ್ ಬದಿಯವ್ರ್ ಸುಮಾರ್ ಜನ ಅಲ್ಲೇ ಇದ್ರ್."

ಅಮ್ಮಣಿ ಅವತ್ತು ಎರಡು ಹೊತ್ತೂ ಚೆನ್ನಾಗಿ ಉಂಡಳು.

ಸಂಘ ಸೇರುತ್ತಿದ್ದುದು ಕುಂದಾಪುರದಲ್ಲಿ, ಹಂಚಿನ ಕಾರ್ಖಾನೆಯವರು ಬಿಟ್ಟುಕೊಟ್ಟ ಹಳೆಯ ಗೋದಾಮಿನಲ್ಲಿ. 'ಸಿಪಾಯಿ ಕುಟುಂಬ ಸಹಾಯಕ ಸಂಘ' ಎಂಬ ಹಲಗೆ ಬಾಗಿಲ ಮೇಲಿತ್ತು. ಹೆಂಗಸರ ಬಾಯಲ್ಲಿ ಅದು ದಂಡಿನ ಸಂಘ. ಯುದ್ಧದ ವರ್ಷಗಳಲ್ಲಿ ಶನಿವಾರ ಬಂತೆಂದರೆ ಬ್ರಹ್ಮಾವರ, ಕೋಟದ ಕಡೆಯಿಂದ, ಬೈಂದೂರು, ಕಿರಿಮಂಜೇಶ್ವರದ ಕಡೆಯಿಂದ ದಂಡಿಗೆ ಹೋದವರ ಹೆಂಡಿರು, ತಾಯಂದಿರು ಬಂದು ಸೇರುತ್ತಿದ್ದರು. ಸೀಮೆಎಣ್ಣೆ, ಬಟ್ಟೆ ಸಿಗುವುದು ಒಂದು ನೆಪ. ರಾಯರು ಮೇಜಿನ ಮುಂದೆ ಕುಳಿತು ಒಬ್ಬೊಬ್ಬರ ಕಾಗದ ಓದಿ ಉತ್ತರ ಬರೆದುಕೊಡುವಾಗ ಉಳಿದವರು ತಾವು ತಂದ ನಾರಿನಿಂದ ಹುರಿ ಹೊಸೆಯುತ್ತ ಮಾತಿಗೆ ಕೂರುವರು. ಆ ಹಗ್ಗವನ್ನು ಸಂಘವೇ ದೋಣಿಯವರಿಗೆ ಮಾರುತ್ತಿತ್ತು. ಒಬ್ಬಳ ಎಳೆ ಮುಗಿಯುವಲ್ಲಿಗೆ ಪಕ್ಕದವಳು ತನ್ನ ಎಳೆ ಕೊಟ್ಟು ಹೊಸೆಯುವಳು. ಮಾತೂ ಹಾಗೆಯೇ, ಒಬ್ಬಳು ಬಿಟ್ಟಲ್ಲಿಂದ ಇನ್ನೊಬ್ಬಳು. ಅತ್ತೆಯಂದಿರ ಬಗ್ಗೆ, ಮೀನಿನ ಬಗ್ಗೆ, ಜಪಾನಿಯರಿಗೆ ಮೂಗಿದೆಯೋ ಇಲ್ಲವೋ ಎಂಬುದರ ಬಗ್ಗೆ. ವಾರದಲ್ಲಿ ಅದೊಂದು ಮಧ್ಯಾಹ್ನ ಪದ್ದು ಯಾರಿಗೂ ಯಾವ ಊರನ್ನೂ ಕಟ್ಟಿಕೊಡಬೇಕಾಗಿರಲಿಲ್ಲ. ಕಾಯುವುದೆಂದರೆ ಏನು ಎಂದು ಅಲ್ಲಿ ಯಾರಿಗೂ ವಿವರಿಸಬೇಕಾಗಿರಲಿಲ್ಲ.

ಗಂಡಸರು ಒಬ್ಬೊಬ್ಬರಾಗಿ ಬರತೊಡಗಿದ ಮೇಲೆ ಸಂಘದಲ್ಲಿ ಒಂದು ವಾಡಿಕೆ ಹುಟ್ಟಿಕೊಂಡಿತು. ಯಾರ ಗಂಡ ಬಂದನೋ ಅವಳು ಮುಂದಿನ ಶನಿವಾರ ಬೆಲ್ಲ ಕಾಯಿ ಕಲಸಿದ ಅವಲಕ್ಕಿ ತಂದು ಎಲ್ಲರಿಗೂ ಹಂಚುವಳು. ಆಚೆ ವಾರದಿಂದ ಬರುವುದಿಲ್ಲ. ಸಿಟ್ಟಿಲ್ಲ, ಸೊಕ್ಕಿಲ್ಲ, ಬರಲಿಕ್ಕೆ ಕಾರಣವಿಲ್ಲ, ಅಷ್ಟೆ. ಪದ್ದು ಎಷ್ಟು ಮನೆಗಳ ಅವಲಕ್ಕಿ ತಿಂದಳೋ ಅವಳಿಗೇ ನೆನಪಿಲ್ಲ. ಬ್ರಹ್ಮಾವರದ ಬೇಬಿ ತಂದದ್ದು ಕೊನೆಯದು, ಅದಕ್ಕೆ ಏಲಕ್ಕಿಯನ್ನೂ ಹಾಕಿದ್ದಳು. ಕಿರಿಮಂಜೇಶ್ವರದ ಸರಸ ಮಾತ್ರ ಏನನ್ನೂ ತರಲಿಲ್ಲ. ಅವಳ ಗಂಡ ಬರ್ಮಾದಲ್ಲಿ ತೀರಿದ ಕಾಗದ ಬಂದ ಮೇಲೆ ಬರಿಯ ಹಣೆಯಲ್ಲಿ ಬಂದು ಪದ್ದುವಿನ ಮಗ್ಗುಲಿಗೆ ಇನ್ನಷ್ಟು ಒತ್ತಿ ಕುಳಿತಳು. ಅಂದಿನಿಂದ ಅವರಿಬ್ಬರದು ಒಂದೇ ಚಾಪೆ, ಒಂದೇ ಹಗ್ಗದ ಎರಡು ತುದಿ.

ಇಂದಿನ ಸಭೆ ಸಂಘದ ಮುಂದಿನ ದಾರಿಯ ಬಗ್ಗೆ. ರಾಯರು ಎಲ್ಲರಿಗೂ ಹೇಳಿಕಳುಹಿಸಿದ್ದರು. ಹಾಗಾಗಿ ಬಂದ ಗಂಡಸರೂ ಗೋಡೆಗೊರಗಿ ನಿಂತಿದ್ದರು, ಬಾರದವರ ಹೆಂಗಸರು ಒಂದು ಚಾಪೆ ಹಿಡಿಯುವಷ್ಟು ಇದ್ದರು. ರಾಯರಿಗೆ ಈ ನಾಲ್ಕೈದು ವರ್ಷದಲ್ಲಿ ತಲೆ ಪೂರ್ತಿ ನರೆತಿತ್ತು. ಅವರು ಸುತ್ತುಬಳಸದೆ ಹೇಳಿದರು. ಸರ್ಕಾರದ ನೆರವು ವರ್ಷದ ಕೊನೆಗೆ ನಿಲ್ಲುತ್ತದೆ, ಕಾರ್ಖಾನೆಯವರಿಗೆ ಗೋದಾಮು ಈ ವಾರವೇ ಬೇಕಾಗಿದೆ. ಹಾಗೆಂದು ಎಲ್ಲವನ್ನೂ ಬಿಟ್ಟು ಕೈತೊಳೆದುಕೊಳ್ಳಲು ತಮಗೆ ಮನಸ್ಸಿಲ್ಲ. ಆದ್ದರಿಂದ ಸಂಘವನ್ನು ಎರಡು ಮಾಡುವುದು. ಬಂದವರದು ಒಂದು, ಚಂದ್ರನ ಮುಂದಾಳುತನದಲ್ಲಿ: ಕೆಲಸ ಹುಡುಕಿಕೊಡುವುದು, ಗಾಯಾಳುಗಳಿಗೆ ಒಂದು ಅಂಗಡಿ ಹಾಕಿಸುವುದು. ತೀರಿದವರ ಮನೆಯವರದು ಇನ್ನೊಂದು: ದೇವಸ್ಥಾನದ ಬೀದಿಯಲ್ಲಿ ಒಬ್ಬರು ಮನೆಯೊಂದನ್ನೇ ಕೊಟ್ಟಿದ್ದಾರೆ, ಅಲ್ಲಿ ಹೆಂಗಸರು ಮಗ್ಗ ಕಲಿಯಬಹುದು, ಮಕ್ಕಳು ಉಳಿದು ಓದಬಹುದು, ಅದು ಅವರದೇ ಮನೆ, ಯಾರೂ ಎಬ್ಬಿಸುವ ಹಾಗಿಲ್ಲ.

ಒಳ್ಳೆಯ ಯೋಚನೆ ಎಂದು ಎಲ್ಲರೂ ತಲೆಯಾಡಿಸಿದರು. ಒಳ್ಳೆಯದೇ ಆಗಿತ್ತು. ಸರಸ ಪದ್ದುವಿನ ಮೊಣಕೈ ಹಿಸುಕಿ, ಮಗ್ಗದ ಹತ್ತಿರ ಕಿಟಕಿ ಪಕ್ಕದ ಜಾಗ ನಮಗಿಬ್ಬರಿಗೆ ಎಂದು ಪಿಸುಗುಟ್ಟಿದಳು. ಎಷ್ಟೋ ತಿಂಗಳ ಮೇಲೆ ಅವಳ ದನಿಯಲ್ಲಿ ಆಸೆಯ ಒಂದು ಎಳೆ ಕೇಳಿಸಿತು. ಪದ್ದುವಿನ ಕೈಯ ಹುರಿ ಮಾತ್ರ ನಿಂತಿತ್ತು.

ರಾಯರು ಕನ್ನಡಕ ತೆಗೆದರು. "ಪದ್ದು, ನಿಂದೊಂದ್ ಉಳೀತ್ ಕಾಣ್."

ಇಷ್ಟು ಕಾಲವಾದ ಮೇಲೆ ಸರ್ಕಾರವೇ ಕಾಣೆಯಾದವರನ್ನು ತೀರಿಕೊಂಡರೆಂದು ಎಣಿಸುತ್ತದೆ ಎಂದು ಅವರು ತಗ್ಗಿದ ದನಿಯಲ್ಲಿ ವಿವರಿಸಿದರು. ಮನೆಯವರು ಹೌದು ಎಂದರಾಯಿತು, ಉಳಿದ ಓಡಾಟ ತಮ್ಮದು. ಹೌದು ಎಂದರೆ ಆ ಮನೆಯಲ್ಲಿ ಅವಳಿಗೂ ಮಗ್ಗ ಉಂಟು, ಮುದುಕಿಗೂ ಒಂದು ಮೂಲೆ ಉಂಟು. ಅತ್ತೆಗೆ ಹೇಳುವುದು ಅವಳಿಗೆ ಕಷ್ಟವಾದರೆ ತಾವೇ ತಲ್ಲೂರಿಗೆ ಬಂದು ನಾಲ್ಕು ಸಮಾಧಾನದ ಮಾತಿನೊಂದಿಗೆ ತಿಳಿಸಿ ಹೇಳುತ್ತಾರೆ. ಅವರು ಬಂದೇ ಬರುತ್ತಾರೆಂಬುದು ಪದ್ದುವಿಗೆ ಗೊತ್ತಿತ್ತು, ಆಡಿದ ಮಾತಿಗೆ ತಪ್ಪುವವರಲ್ಲ. ಅವರು ಮುರಕಲ್ಲಿನ ಮೆಟ್ಟಿಲು ಹತ್ತುವುದು, ಅಮ್ಮಣಿ ಬೆಲ್ಲ ನೀರು ಹಿಡಿದುಕೊಂಡು ಎದುರು ಬರುವುದು, ಆ ಊರಿನ ಹೊಳೆ, ಮೀನು, ಕಂಬಳಿ, ಬೀದಿ ಎಲ್ಲ ಒಂದೇ ಮಾತಿಗೆ ಇಲ್ಲವಾಗುವುದು ಅವಳ ಕಣ್ಣ ಮುಂದೆ ಬಂತು.

"ಬ್ಯಾಡ ಒಡೇರೆ," ಎಂದಳು.

"ಹಾಂಗಾರೆ ನಿನ್ನ್ ಯಾವ್ ಬದಿಗ್ ಹಾಕುದ್, ನೀನೇ ಹೇಳ್. ಬಂದವ್ರ ಬದಿಯೂ ಅಲ್ಲ, ಬಾರ್ದವ್ರ ಬದಿಯೂ ಅಲ್ಲ ಅಂದ್ರೆ?"

ಪದ್ದು ಏನನ್ನೂ ಯೋಚಿಸಿಟ್ಟುಕೊಂಡಿರಲಿಲ್ಲ. ವಾರ ವಾರವೂ ಹೊಳೆಯ ದಡದಲ್ಲಿ ಕೇಳಿ ಕೇಳಿ ಕಿವಿಯಲ್ಲೇ ಉಳಿದ ಶಬ್ದ, ತಾನಾಗಿ ಬಾಯಿಗೆ ಬಂತು.

"ಬಪ್ಪವ್ರ ಬದಿಗೆ."

ಗೋಡೆಯ ಹತ್ತಿರ ಒಬ್ಬ ನಕ್ಕು, ನಕ್ಕದ್ದು ತಪ್ಪಾಯಿತೆಂದು ಕೆಮ್ಮಿದ. ಬರುವವರು, ಬರತಕ್ಕವರು ಎಂದು ರಾಯರು ಪುಸ್ತಕದ ಕನ್ನಡದಲ್ಲಿ ಎರಡು ಸಲ ತಮ್ಮಷ್ಟಕ್ಕೆ ಹೇಳಿ ನೋಡಿಕೊಂಡರು. ಎರಡೂ ಅವರ ನಾಲಿಗೆಗೆ ಕೂರಲಿಲ್ಲ. ಚಂದ್ರ ಬಾಗಿಲ ಹೊರಗೆ ನೋಡುತ್ತ ನಿಂತಿದ್ದ. ದೊಡ್ಡ ಊರು ಎಂದು ಹೇಳಿದವನು ಅವನೇ ಆದ್ದರಿಂದ ಅವನೇನಾದರೂ ಹೇಳಿಯಾನೆಂದು ಪದ್ದು ಅತ್ತ ಒಮ್ಮೆ ನೋಡಿದಳು. ಅವನು ಎಳೆಯುವ ಕಾಲನ್ನು ಒಮ್ಮೆ ಬದಲಿಸಿದ, ಅಷ್ಟೆ.

"ಆ ಬದಿಯಂಗೆ ನೀನೊಬ್ಳೇ ಅಲ್ದನಾ," ಎಂದರು ರಾಯರು. ಗದರಿಸಲಿಲ್ಲ, ನೊಂದುಕೊಂಡೇ ಹೇಳಿದರು. "ಒಬ್ಳಿಗಾಯಿ ಸಂಘ ನಡ್ಸುಕಾತ್ತಾ?"

"ಆತ್ತಿಲ್ಲೆ," ಎಂದು ಪದ್ದು ಒಪ್ಪಿದಳು.

ಸಭೆ ಮುಂದುವರಿಯಿತು. ಮಗ್ಗ ಎಲ್ಲಿಂದ ತರಿಸುವುದು, ಅಂಗಡಿ ಬಸ್ಸು ನಿಲ್ಲುವಲ್ಲೋ ಪೇಟೆಯೊಳಗೋ ಎಂದು ಮಾತು ಬೆಳೆಯಿತು. ಪದ್ದು ನಾರಿನ ಕಟ್ಟನ್ನು ಬಿಚ್ಚಿ ಮತ್ತೆ ಹೊಸೆಯತೊಡಗಿದಳು. ತನ್ನ ಎಳೆ ಮುಗಿಯುವಲ್ಲಿಗೆ ವಾಡಿಕೆಯಂತೆ ಬಲಕ್ಕೆ ಕೈ ನೀಡಿದಳು. ಎಳೆ ಬರಲಿಲ್ಲ. ತಿರುಗಿ ನೋಡಿದರೆ ಸರಸ ಚಾಪೆಯ ಅಂಚಿಗೆ ಸರಿದು ಕುಳಿತಿದ್ದಳು, ನಾರು ಮಡಿಲಲ್ಲಿ ಹಾಗೆಯೇ ಇತ್ತು.

"ನಂಗೂ ಹಾಂಗ್ ಹೇಳುಕೆ ಬತ್ತಿತ್ತ್, ಪದ್ದು," ಎಂದಳು ಸರಸ. ಅವಳ ದನಿ ಪಕ್ಕದವರಿಗೂ ಕೇಳಿಸುವಷ್ಟಿರಲಿಲ್ಲ. "ಕಾಗ್ದ ಬಂದ್ ಮೇಲೂ ಒಂದ್ ವರ್ಷ ನಾನೂ ಹಾಂಗೇ ಹೇಳ್ಕಂಡ್ ಇಪ್ಪುಕಾತ್ತಿತ್ತ್. ನಿಂಗೊಬ್ಳಿಗೇ ಗಂಡ ಇದ್ದದ್ದಾ?"

ಹಾಗಲ್ಲ ಮರಾಯ್ತಿ, ನನ್ನ ಹತ್ತಿರ ಆಸೆ ಜಾಸ್ತಿ ಇದೆಯೆಂದಲ್ಲ, ಇಲ್ಲ ಎಂದು ಹೇಳುವ ಬಾಯಿ ಇಲ್ಲ ಎಂದು ಪದ್ದು ಹೇಳಬಹುದಿತ್ತು. ಆದರೆ ಅದು ಸಮಾಧಾನದ ಮಾತಾಗುತ್ತಿರಲಿಲ್ಲ. ಅವಳು ಹೊಸೆದಷ್ಟು ಹಗ್ಗದ ತುದಿಗೆ ಗಂಟು ಹಾಕಿ ಸರಸಳ ಪಕ್ಕ ಇಟ್ಟಳು. ಸರಸ ಅದನ್ನು ತೆಗೆದುಕೊಳ್ಳಲೂ ಇಲ್ಲ, ತಳ್ಳಲೂ ಇಲ್ಲ.

ಹೊರಡುವಾಗ ರಾಯರು ಬಾಗಿಲವರೆಗೆ ಬಂದರು. ಮನಸ್ಸು ಬದಲಾದರೆ ಯಾವಾಗ ಬೇಕಾದರೂ ಬಾ ಎಂದರು. ಗೋದಾಮಿನ ಬಾಗಿಲ ಮೇಲಿನ ಹಲಗೆಯನ್ನು ಇಬ್ಬರು ಗಂಡಸರು ಆಗಲೇ ಇಳಿಸಿ, ಹೊಸ ಅಂಗಡಿಗೆ ಇದರ ಹಿಂಬದಿಯಲ್ಲೇ ಬರೆಸಬಹುದೋ ಎಂದು ತಿರುಗಿಸಿ ನೋಡುತ್ತಿದ್ದರು. ಪದ್ದು ತಲೆ ಮೇಲೆ ಸೆರಗೆಳೆದುಕೊಂಡು ಪೇಟೆಯ ನಡುವೆ ನಡೆದಳು. ಹೋಟೆಲೊಂದರೊಳಗಿಂದ ಕಾವಲಿಗೆ ಹಿಟ್ಟು ಬಿದ್ದ ಸದ್ದು, ಕರಿದ ಎಣ್ಣೆಯ ವಾಸನೆ ಬಂತು. ಅವಳು ಅತ್ತ ತಿರುಗಲಿಲ್ಲ. ಮುಂದಿನ ಶನಿವಾರ ಏನು ಮಾಡುವುದು ಎಂಬ ಒಂದೇ ಯೋಚನೆ. ಮನೆಯಲ್ಲೇ ಉಳಿದರೆ ಅತ್ತೆ ಕೇಳುತ್ತಾಳೆ. ಶನಿವಾರ ಬಂದ ಹಾಗೆ ನಾರಿನ ಕಟ್ಟು ಹಿಡಿದು ಹೊಳೆ ದಾಟಿ, ಎಲ್ಲಾದರೂ ಮರದ ಬುಡದಲ್ಲಿ ಕುಳಿತು ಹುರಿ ಹೊಸೆದು ಮರಳಬೇಕು, ಬೇರೆ ದಾರಿಯಿಲ್ಲ.

ಕಡವಿಗೆ ಬರುವಷ್ಟರಲ್ಲಿ ಹೊತ್ತು ಇಳಿಮುಖವಾಗಿತ್ತು. ಸಮುದ್ರದಿಂದ ನೀರು ಏರುತ್ತಿತ್ತು. ಕುಷ್ಟನ ದೋಣಿಯಲ್ಲಿ ಬೇರೆ ಯಾರೂ ಇರಲಿಲ್ಲ. ಅವಳು ಹತ್ತಿ ಕುಂದಾಪುರದ ದಡಕ್ಕೆ ಮುಖ ಮಾಡಿ ಕುಳಿತಳು. ಬರಿಗೈಯಲ್ಲಿ ಬಂದದ್ದನ್ನು ಕುಷ್ಟ ನೋಡಿದ. ಸಂಘದಿಂದ ಅವನ ದೋಣಿಗೆಂದು ತರುತ್ತಿದ್ದ ಹಗ್ಗದ ಬಗ್ಗೆ ಕೇಳಲಿಲ್ಲ.

"ನಿಮ್ಮ್ ಅತ್ತೆ ಬೆಳ್ಗೆ ಎಂತದೋ ಕೇಂಡ್ಕಂಡ್ ಬಪ್ಪುಕೆ ಹೇಳಿದ್ರಲೆ?"

"ಹೌದ್. ರೈಲಾ, ಹಡ್ಗಾ ಅಂದೇಳಿ."

"ರಾಯ್ರ್ ಎಂತ ಹೇಳ್ರ್?"

"ಕೇಣ್ಲಿಲ್ಲೆ ಕುಷ್ಟಣ್ಣ."

ಕುಷ್ಟ ಗಳದ ತುದಿಯ ಕೆಸರನ್ನು ನೀರಿನಲ್ಲಿ ಅಲುಬಿಕೊಂಡ. ಮಿಸ್ಸಿಂಗಿನ ಬಗ್ಗೆ ಅಮ್ಮಣಿ ಅವನನ್ನು ಕೇಳದ ದಿನವಿರಲಿಲ್ಲ. ಅದೆಂಥ ಊರೆಂದು ಅವನಿಗೆ ಎಷ್ಟು ಗೊತ್ತಿತ್ತೋ, ಅವನ ಮುಖ ನೋಡಿ ಹೇಳುವ ಹಾಗಿರಲಿಲ್ಲ.

"ರೈಲಂಗೆ ಬಂದ್ರೂ ಮಂಗ್ಳೂರ್ ತನ್ಕ, ಹಡ್ಗಂಗೆ ಬಂದ್ರೂ ಅಲ್ಲೀ ತನ್ಕ," ಎಂದ. "ಕಡೀಗ್ ಈ ಹೊಳಿ ದಾಂಟ್ಕಲೆ. ಹಾಂಗಂದೇಳಿ ಹೇಳ್."

ಆಮೇಲೆ ಅವನು ಎದ್ದು ನಿಂತು ದಡದತ್ತ ತಿರುಗಿ, ಎಂದಿನಂತೆ ಕೂಗಿದ. "ಹ್ವಾಯ್, ಬಪ್ಪವ್ರ್ ಇದ್ರಾ?"

ಪೇಟೆಯಿಂದ ಇಳಿದು ಬರುವ ದಾರಿ ಎರಡು ಬದಿಯ ತೆಂಗಿನ ನೆರಳಿನಲ್ಲಿ ತಿರುವಿನವರೆಗೂ ಖಾಲಿ ಇತ್ತು. ಕೂಗು ಅಲ್ಲಿಯವರೆಗೆ ಹೋಗಿ ನಿಂತಿತು. ಕುಷ್ಟ ಉತ್ತರಕ್ಕಾಗಿ ಪದ್ದುವಿನ ಮುಖ ನೋಡಿದ. ಪದ್ದು ದಾರಿಯನ್ನು ನೋಡುತ್ತಿದ್ದಳು. ಯಾರೂ ಇಲ್ಲೆ ಎನ್ನುವ ಎಂದಿನ ಮಾತು ಬಾಯಿಗೆ ಬರಲಿಲ್ಲ.

ಕುಷ್ಟ ಎತ್ತಿದ್ದ ಗಳವನ್ನು ಮತ್ತೆ ಕೆಸರಿಗೆ ಊರಿ, ದೋಣಿಯನ್ನು ಅದಕ್ಕೆ ಒರಗಿಸಿ ನಿಲ್ಲಿಸಿ, ಅಂಚಿನ ಮೇಲೆ ಕುಳಿತುಕೊಂಡ. ಏರುವ ನೀರು ದೋಣಿಯ ಅಡಿಯನ್ನು ಮೆಲ್ಲಗೆ ನೆಲದಿಂದ ಬಿಡಿಸುತ್ತಿತ್ತು.